ಕೆಂಪೆಣ್ಣೆಯ ಜಾಡು

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಅಡಿಯಲ್ಲಿ ಕೆಂಪೆಣ್ಣೆಯ ಕಲೆ ಕಂಡಿತೆಂದರೆ ನಮ್ಮ ಕಡೆಯ ಬಹುಪಾಲು ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಒಂದೇ: ಕಂಪನಿಗೇ ಒಯ್ಯಿರಿ. ಬೆಂಗಳೂರಿನ ಜೆ.ಸಿ. ರಸ್ತೆಯಿರಲಿ, ತಿರುವನಂತಪುರದ ಉಳ್ಳೂರಿನಿಂದ ಶ್ರೀಕಾರ್ಯಂ ಹಾದು ಕಳಕ್ಕೂಟಂ ಸೇರುವ ಹೆದ್ದಾರಿಯ ಬದಿಯಿರಲಿ, ಮಾತು ಹೆಚ್ಚು ಬದಲಾಗುವುದಿಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗು ಸವೆದಿದೆಯೆಂದು ಹೇಳಬಲ್ಲ ಮೇಸ್ತ್ರಿಗಳು, ಡೀಸೆಲ್ ಪಂಪನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲ ಕೈಗಳು, ಈ ಒಂದು ಪೆಟ್ಟಿಗೆಯ ಮುಂದೆ ಮಾತ್ರ ಹಿಂದೆ ಸರಿಯುತ್ತವೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಎರಡು. ಯಂತ್ರ ತೀರ ಜಟಿಲ, ನಮ್ಮವರಿಗೆ ತರಬೇತಿ ಇಲ್ಲ. ಎರಡೂ ಅರ್ಧಸತ್ಯಗಳು. ಸೋರಿಕೆ ಪತ್ತೆಮಾಡುವ ವಿದ್ಯೆ ಯಂತ್ರ ಖರೀದಿಸಿದಾಗ ಅದರ ಜೊತೆಗೆ ಬರುವಂಥದ್ದಲ್ಲ, ಶಾಲೆಯಲ್ಲಿ ಮಾತ್ರ ಕಲಿಯುವಂಥದ್ದೂ ಅಲ್ಲ. ಒಂದೇ ಜಾತಿಯ ಯಂತ್ರ ದೊಡ್ಡ ಸಂಖ್ಯೆಯಲ್ಲಿ, ದೀರ್ಘಕಾಲ, ಬಿಚ್ಚಿ ನೋಡುವ ಹಕ್ಕಿನ ಸಮೇತ ಒಂದು ಊರಿನ ಕೈಗೆ ಸಿಕ್ಕಾಗ ಆ ವಿದ್ಯೆ ಬೆಳೆಯುತ್ತದೆ. ಸಿಗದಿದ್ದರೆ ಎಷ್ಟೇ ಜಾಣರಿದ್ದರೂ ಬೆಳೆಯುವುದಿಲ್ಲ. ಅಮೆರಿಕದ ಡ್ರ್ಯಾಗ್ ರೇಸಿನ ಪಟ್ಟಿಗಳಲ್ಲಿ ಅದು ಬೆಳೆಯಿತು. ತಿರುವಾಂಕೂರಿನ ಬಸ್ ವರ್ಕ್‌ಶಾಪಿನಲ್ಲಿ ಅದರ ಇನ್ನೊಂದು ರೂಪ ಬೆಳೆಯಿತು. ನಮ್ಮ ಆಟೊಮ್ಯಾಟಿಕ್ ಬಸ್ಸುಗಳ ಕಾಲದಲ್ಲಿ ಅದು ಬೇರೂರಲಿಲ್ಲ. ಈ ಮೂರನ್ನೂ ಒಟ್ಟಿಗೆ ನೋಡಿದರೆ ಕೊರತೆ ಎಲ್ಲಿತ್ತೆಂಬುದು ಕಾಣುತ್ತದೆ.

ಮೊದಲು ಎಣ್ಣೆಯ ವಿಷಯ. ಕೈಗೇರಿನ ಪೆಟ್ಟಿಗೆಯಲ್ಲಿ ಎಣ್ಣೆಯ ಕೆಲಸ ಹಲ್ಲುಚಕ್ರಗಳನ್ನು ಸವೆಯದಂತೆ ಕಾಯುವುದಷ್ಟೆ. ಅರ್ಧ ಸೋರಿಹೋದರೂ ಗಾಡಿ ನರಳುತ್ತಾ ಊರು ಮುಟ್ಟೀತು. ಆಟೊಮ್ಯಾಟಿಕ್‌ನಲ್ಲಿ ಎಣ್ಣೆಯೇ ಯಂತ್ರದ ಮುಖ್ಯ ಭಾಗ. ಇಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆಗೆ ಸಾಗಿಸುವುದೂ ಅದೇ, ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದೂ ಅದೇ, ಹುಟ್ಟಿದ ಶಾಖವನ್ನು ಹೊರಗೆ ಹೊತ್ತೊಯ್ಯುವುದೂ ಅದೇ. ಇದರ ಮೂಲ ಕಲ್ಪನೆ ಜರ್ಮನಿಯ ಹರ್ಮನ್ ಫಟಿಂಗರ್ ಎಂಬ ಇಂಜಿನಿಯರನದು. ಸ್ಟೆಟಿನ್‌ನ ಹಡಗುಕಟ್ಟೆಯಲ್ಲಿ ಟರ್ಬೈನಿನ ಅತಿವೇಗವನ್ನು ಹಡಗಿನ ಪ್ರೊಪೆಲರಿಗೆ ತಕ್ಕಂತೆ ತಗ್ಗಿಸುವ ದಾರಿ ಹುಡುಕುತ್ತಾ ಅವನು 1905ರಲ್ಲಿ ದ್ರವದ ಮೂಲಕ ಶಕ್ತಿ ಸಾಗಿಸುವ ಉಪಕರಣಕ್ಕೆ ಪೇಟೆಂಟ್ ಪಡೆದ. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವಂತೆ, ಇಲ್ಲಿ ಗಾಳಿಯ ಜಾಗದಲ್ಲಿ ಎಣ್ಣೆ. ಈ ತತ್ವದ ಫ್ಲೂಯಿಡ್ ಫ್ಲೈವೀಲನ್ನು ಇಂಗ್ಲೆಂಡಿನ ಡೈಮ್ಲರ್ ಕಂಪನಿ 1930ರಲ್ಲಿ ಗಾಡಿಗಳಿಗೆ ಅಳವಡಿಸಿತು. ಅಮೆರಿಕದ ಜನರಲ್ ಮೋಟರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲಿನಲ್ಲಿ ಹೈಡ್ರಾಮ್ಯಾಟಿಕ್ ಎಂಬ ಪೂರ್ಣ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಮಾರುಕಟ್ಟೆಗೆ ತಂದಿತು. ಆದರೆ ಒತ್ತಡದಲ್ಲಿರುವ ಬಿಸಿ ಎಣ್ಣೆಯನ್ನು, ತಿರುಗುವ ದಂಡ ಹೊರಬರುವ ಜಾಗದಲ್ಲಿ ತಡೆದು ಹಿಡಿಯುವುದು ಸುಲಭವಾಗಿರಲಿಲ್ಲ. ಮೊದಲ ಆಯಿಲ್ ಸೀಲುಗಳು ಚರ್ಮದವು. ಅವಕ್ಕೆ ಹೆಸರಾದ ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಸಂಸ್ಥೆ ಹುಟ್ಟಿದ್ದೇ ಚರ್ಮ ಹದಮಾಡುವ ಕಾರ್ಖಾನೆಯಾಗಿ. ಆಮೇಲೆ ರಬ್ಬರು ಬಂತು, ಆದರೆ ಯಾವ ರಬ್ಬರು ಎಂಬುದು ಕೇರಳದ ಓದುಗರಿಗೆ ಆಸಕ್ತಿ ತರುವ ವಿಷಯ. ಭಾರತದ ನೈಸರ್ಗಿಕ ರಬ್ಬರಿನ ಬಹುಪಾಲು ಬೆಳೆಯುವುದು ಆ ರಾಜ್ಯದಲ್ಲೇ, ರಬ್ಬರ್ ಬೋರ್ಡ್ ಇರುವುದು ಕೋಟ್ಟಯಂನಲ್ಲಿ. ಆದರೂ ಮರದ ಹಾಲಿನಿಂದ ಬಂದ ಆ ರಬ್ಬರು ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಗೇರ್‌ಬಾಕ್ಸಿನ ಸೀಲಿಗೆ ಬರುವುದಿಲ್ಲ. 1930ರ ದಶಕದಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞರು ರೂಪಿಸಿದ ನೈಟ್ರೈಲ್ ಎಂಬ ಕೃತಕ ರಬ್ಬರೇ ಬೇಕಾಯಿತು. ಸೀಲು ಹೀಗೆ ಹದಗೊಳ್ಳದೆ ಆಟೊಮ್ಯಾಟಿಕ್ ಗೇರ್‌ಬಾಕ್ಸು ಮನೆಮನೆಯ ಕಾರಿಗೆ ಬರುವಂತಿರಲಿಲ್ಲ.

ಎಣ್ಣೆಗೂ ತನ್ನದೇ ಚರಿತ್ರೆಯಿದೆ. ಜನರಲ್ ಮೋಟರ್ಸ್ 1949ರಲ್ಲಿ ಟೈಪ್ ಎ ಎಂಬ ನಿರ್ದಿಷ್ಟ ದ್ರವವನ್ನು ಗೊತ್ತುಮಾಡಿತು. ಇಂಜಿನ್ ಎಣ್ಣೆಯಿಂದ ಬೇರೆಯೆಂದು ಗುರುತು ಸಿಗಲು ಇಂಥ ಎಣ್ಣೆಗೆ ಕೆಂಪು ಬಣ್ಣ ಬೆರೆಸುವ ರೂಢಿ ನೆಲೆಗೊಂಡಿತು, ಮುಂದೆ ಸೋರಿಕೆ ಹುಡುಕುವವನಿಗೆ ಈ ಬಣ್ಣವೇ ಮೊದಲ ಸಾಕ್ಷಿಯಾಯಿತು. ಕ್ಲಚ್ಚುಗಳು ಹದವಾಗಿ ಹಿಡಿಯಲೆಂದು ಬಹುಕಾಲ ಈ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾನೂನು ತಿಮಿಂಗಿಲಗಳಿಗೆ ರಕ್ಷಣೆ ಕೊಟ್ಟಾಗ ಬದಲಿ ದ್ರವ ಹುಡುಕಬೇಕಾಯಿತು. ಮೊದಮೊದಲ ಬದಲಿಗಳಲ್ಲಿ ಒಂದು ಕೂಲರಿನ ಬೆಸುಗೆಯನ್ನೇ ತಿನ್ನತೊಡಗಿತು, ಆಮೇಲೆ ಅದಕ್ಕೆ ತುಕ್ಕುನಿರೋಧಕ ಸೇರಿಸಬೇಕಾಯಿತು. ಸಾಗರದ ಒಂದು ಜೀವಿಯನ್ನು ಉಳಿಸಿದ ಕಾನೂನು ಗೇರ್‌ಬಾಕ್ಸಿನ ಕೂಲರಿನಲ್ಲಿ ಸೋರಿಕೆಯಾಗಿ ಕಾಣಿಸಿಕೊಂಡೀತೆಂದು ಯಾರೂ ಎಣಿಸಿರಲಾರರು. ಸೋರಿಕೆಯ ಕಾರಣ ಎಷ್ಟು ದೂರದಲ್ಲಿರಬಹುದೆಂಬುದಕ್ಕೆ ಇದೊಂದು ನಿದರ್ಶನ.

ಡ್ರ್ಯಾಗ್ ರೇಸಿನವರು ಈ ಪೆಟ್ಟಿಗೆಗೆ ಒಲಿದದ್ದು ಮೇಲ್ನೋಟಕ್ಕೆ ವಿಚಿತ್ರ. ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ನೇರ ರಸ್ತೆಯಲ್ಲಿ ಇಬ್ಬರ ನಡುವೆ ನಡೆಯುವ ಓಟದಲ್ಲಿ ಶಕ್ತಿ ನುಂಗುವ, ಭಾರದ ಆಟೊಮ್ಯಾಟಿಕ್ ಯಾಕೆ ಬೇಕು? ಅಮೆರಿಕದಲ್ಲಿ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದಾಗ ಬಹುಪಾಲು ಸವಾರರ ನಂಬಿಕೆ ಕೈಗೇರಿನಲ್ಲೇ ಇತ್ತು. ಆದರೆ ಕೈಗೇರು ಪ್ರತಿ ಬದಲಾವಣೆಯಲ್ಲೂ ಒಂದು ಕ್ಷಣ ಶಕ್ತಿಯನ್ನು ಕಡಿಯುತ್ತದೆ, ಸವಾರನ ಕಾಲು ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಆಟೊಮ್ಯಾಟಿಕ್ ಪ್ರತಿಬಾರಿಯೂ ಒಂದೇ ರೀತಿ ಹೊರಡುತ್ತದೆ. ಕ್ಯಾಲಿಫೋರ್ನಿಯಾದ ಬಿ ಅಂಡ್ ಎಂ ಎಂಬ ಸಣ್ಣ ಅಂಗಡಿ 1953ರಲ್ಲಿ ಆರಂಭವಾಗಿ ಹೈಡ್ರಾಮ್ಯಾಟಿಕ್ ಪೆಟ್ಟಿಗೆಗಳನ್ನು ಓಟಕ್ಕೆಂದೇ ಬಿಚ್ಚಿ ಬಲಪಡಿಸತೊಡಗಿತು. ಶೆವ್ರೊಲೆಯ ಎರಡೇ ಗೇರಿನ ಪವರ್‌ಗ್ಲೈಡ್ 1950ರಿಂದ 1973ರವರೆಗೆ, ಜನರಲ್ ಮೋಟರ್ಸಿನ ಮೂರು ಗೇರಿನ ಟರ್ಬೊ ಹೈಡ್ರಾಮ್ಯಾಟಿಕ್ 400 ಎಂಬುದು 1964ರಿಂದ, ಲಕ್ಷಗಟ್ಟಲೆ ಕಾರುಗಳಲ್ಲಿ ಬಂದವು. ಕಾರು ಗುಜರಿಗೆ ಹೋದಾಗ ಪೆಟ್ಟಿಗೆ ಅಗ್ಗಕ್ಕೆ ಸಿಗುತ್ತಿತ್ತು. ಕಲಿಯುವವನು ಒಂದನ್ನು ಹಾಳುಮಾಡಿಕೊಂಡರೆ ಇನ್ನೊಂದು ತರುತ್ತಿದ್ದ. ಕಂಪನಿಯ ಕೈಪಿಡಿ ಅಂಗಡಿಯಲ್ಲಿ ಮಾರಾಟಕ್ಕಿತ್ತು, ಸೀಲುಗಳ ಕಿಟ್ ಪ್ರತಿ ಊರಿನಲ್ಲೂ ಸಿಗುತ್ತಿತ್ತು. ಆ ದೇಶದ ಮೇಸ್ತ್ರಿಯ ಜಾಣ್ಮೆಗಿಂತ ಈ ಪರಿಸ್ಥಿತಿಯೇ ನನಗೆ ಮುಖ್ಯವೆನಿಸುತ್ತದೆ. ಇಂದಿಗೂ ಪವರ್‌ಗ್ಲೈಡ್ ಮಾದರಿಯ ಪೆಟ್ಟಿಗೆಗಳು ಡ್ರ್ಯಾಗ್ ಪಟ್ಟಿಗಳಲ್ಲಿ ಓಡುತ್ತಿವೆ. ಮೂಲ ಕಾರ್ಖಾನೆ ನಿಲ್ಲಿಸಿ ಐವತ್ತು ವರ್ಷ ದಾಟಿದರೂ ಅವುಗಳ ಪ್ರತಿಯೊಂದು ಬಿಡಿಭಾಗವನ್ನೂ ಹೊಸದಾಗಿ ಮಾಡುವವರು ಇದ್ದಾರೆ.

ಸೋರಿಕೆ ಪತ್ತೆಮಾಡುವ ಕ್ರಮವನ್ನೂ ರೂಪಿಸಿದ್ದು ಇಂಥ ಅಂಗಡಿಗಳೇ. ಡ್ರ್ಯಾಗ್ ಕಾರು ಹೊರಡುವಾಗ ಎಣ್ಣೆಯೆಲ್ಲ ಹಿಂದಕ್ಕೆ ನುಗ್ಗುತ್ತದೆ, ಕೊನೆಯಲ್ಲಿ ಬ್ರೇಕು ಹಾಕಿದಾಗ ಮುಂದಕ್ಕೆ. ಓಡುವಾಗಿನ ಗಾಳಿ ಒಂದು ಹನಿಯನ್ನು ಇಡೀ ಅಡಿಭಾಗಕ್ಕೆ ಬಳಿದುಬಿಡುತ್ತದೆ. ಆದ್ದರಿಂದ ಹನಿ ಬಿದ್ದ ಜಾಗ ಸೋರಿದ ಜಾಗವಲ್ಲ ಎಂಬುದು ಮೊದಲ ಪಾಠ. ಮೊದಲು ಅಡಿಭಾಗವನ್ನು ಪೂರಾ ತೊಳೆದು ಒಣಗಿಸಬೇಕು. ಆಮೇಲೆ ಇಂಜಿನ್ ಓಡಿಸಿ, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೂ ಎಲ್ಲಕ್ಕಿಂತ ಮುಂದಿನದೂ ಯಾವುದೆಂದು ನೋಡಬೇಕು. ಬರಿಗಣ್ಣಿಗೆ ಕಾಣದಿದ್ದರೆ ಬಿಳಿ ಪುಡಿ ಸಿಂಪಡಿಸಬಹುದು, ಎಣ್ಣೆ ನಡೆದ ದಾರಿ ಅದರ ಮೇಲೆ ಗೆರೆಯಾಗಿ ಮೂಡುತ್ತದೆ. ಅಥವಾ ಎಣ್ಣೆಗೆ ಹೊಳೆಯುವ ಬಣ್ಣ ಬೆರೆಸಿ ನೇರಳಾತೀತ ದೀಪದಲ್ಲಿ ಹುಡುಕಬಹುದು. ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಗಂಟೆಯಾಕಾರದ ಹೊದಿಕೆಯ ಕೆಳಗೆ ಎಣ್ಣೆ ಕಂಡರೆ ಅದು ಯಾವ ಮನೆಯದೆಂಬ ಪ್ರಶ್ನೆ ಏಳುತ್ತದೆ. ಕಂದು, ಕಪ್ಪು ಬಣ್ಣವಾದರೆ ಇಂಜಿನ್ನಿನ ಹಿಂದಿನ ಸೀಲಿನದು, ಕೆಂಪಾದರೆ ಗೇರ್‌ಬಾಕ್ಸಿನ ಪಂಪಿನ ಸೀಲಿನದು. ಆದರೆ ಬಣ್ಣವನ್ನೇ ನಂಬಿ ಕೂರುವಂತಿಲ್ಲ, ಸುಟ್ಟ ಕೆಂಪೆಣ್ಣೆಯೂ ಕಂದಾಗುತ್ತದೆ. ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಪೆಟ್ಟಿಗೆಗೆ ದಾಟಿಸುವ ಭಾಗವಾದ ಟಾರ್ಕ್ ಕನ್ವರ್ಟರಿನ ಇಂಜಿನ್ ಕಡೆಯ ಮುಖ ಒಣಗಿದ್ದು ಗೇರ್‌ಬಾಕ್ಸ್ ಕಡೆಯ ಮುಖ ಮಾತ್ರ ಒದ್ದೆಯಾಗಿದ್ದರೆ ತೀರ್ಪು ಬಹುಪಾಲು ಖಚಿತ. ಕೆಲವೊಮ್ಮೆ ಸೀಲುಗಳೆಲ್ಲ ಸರಿಯಿದ್ದು ಎಣ್ಣೆ ಉಸಿರುಕೊಳವೆಯಿಂದ ಹೊರಬರುತ್ತದೆ. ಎಣ್ಣೆ ಅಳತೆ ಮೀರಿ ತುಂಬಿರುವುದು, ಅಥವಾ ಕಾದು ನೊರೆಯೇಳುವುದು ಇದಕ್ಕೆ ಕಾರಣ. ಇದನ್ನು ತಿಳಿಯದವನು ಪೆಟ್ಟಿಗೆಯನ್ನೇ ಇಳಿಸಿ ಒಳ್ಳೆಯ ಸೀಲುಗಳನ್ನು ಕಿತ್ತು ಹೊಸದು ಹಾಕುತ್ತಾನೆ, ಮರುದಿನ ಮತ್ತೆ ಅದೇ ಕಲೆ.

ದುರಸ್ತಿಯ ನಿಜವಾದ ಕೌಶಲ ಇರುವುದು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗುವುದರಲ್ಲಿ. ಪಂಪಿನ ಸೀಲು ಹೋದದ್ದು ಯಾಕೆ? ಓಟದ ಆರಂಭದಲ್ಲಿ ಗಾಡಿಯನ್ನು ತಡೆದು ನಿಲ್ಲಿಸಲು ಟ್ರಾನ್ಸ್‌ಬ್ರೇಕ್ ಎಂಬ ವ್ಯವಸ್ಥೆ ಮೊದಲ ಗೇರನ್ನೂ ರಿವರ್ಸನ್ನೂ ಒಟ್ಟಿಗೆ ಹಿಡಿದು ಪೆಟ್ಟಿಗೆಯನ್ನು ಬಿಗಿಯುತ್ತದೆ. ಆ ಕೆಲವು ಕ್ಷಣ ಇಂಜಿನ್ನಿನ ಶಕ್ತಿಯೆಲ್ಲ ಕನ್ವರ್ಟರಿನಲ್ಲಿ ಶಾಖವಾಗುತ್ತದೆ, ನೈಟ್ರೈಲ್ ಸೀಲು ಬೆಂದು ಗಡುಸಾಗುತ್ತದೆ. ಹೆಚ್ಚು ಶಾಖ ತಾಳುವ ವೈಟಾನ್ ಸೀಲು ಹಾಕುವುದು ಇದಕ್ಕೆ ಪರಿಹಾರ. ಆದರೆ ಸೀಲಿನ ಹಿಂದಿನ ಬುಷ್ ಸವೆದು ಕನ್ವರ್ಟರಿನ ಕತ್ತು ಅಲುಗುತ್ತಿದ್ದರೆ ಯಾವ ಸೀಲೂ ಬಾಳುವುದಿಲ್ಲ. ಆ ಬುಷ್ ಸವೆದದ್ದು ಇಂಜಿನ್ನೂ ಗೇರ್‌ಬಾಕ್ಸೂ ಒಂದೇ ನೇರದಲ್ಲಿ ಇಲ್ಲದ್ದರಿಂದ ಇರಬಹುದು. ಆಗ ಡಯಲ್ ಗೇಜಿಟ್ಟು ಅಳೆದು, ಎರಡನ್ನೂ ಕೂಡಿಸುವ ಗೂಟಗಳನ್ನು ಸರಿಪಡಿಸಬೇಕು. ಅತಿ ಒತ್ತಡಕ್ಕೆ ಕನ್ವರ್ಟರು ಬಲೂನಿನಂತೆ ಉಬ್ಬಿ ಪಂಪನ್ನು ಹಿಂದಕ್ಕೆ ಒತ್ತಿರಲೂಬಹುದು. ಸೀಲಿನ ಬೆಲೆ ಅತಿ ಕಡಿಮೆ, ಅದು ಯಾಕೆ ಹೋಯಿತೆಂಬ ತಿಳಿವಿಗೆ ಬೆಲೆ ಹೆಚ್ಚು. ಓಟದ ಪಟ್ಟಿಯಲ್ಲಿ ಈ ತಿಳಿವು ಪ್ರಾಣದ ಪ್ರಶ್ನೆಯೂ ಹೌದು. ಹಿಂದಿನ ಚಕ್ರದ ಕೆಳಗೆ ಎಣ್ಣೆ ಬಿದ್ದರೆ ಗಾಡಿ ಗೋಡೆಗೆ ಹೋಗುತ್ತದೆ, ಹಿಂದೆ ಬರುವವನ ಗಾಡಿಯೂ ಜಾರುತ್ತದೆ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಪಟ್ಟಿಯಲ್ಲಿ ಡಾನ್ ಗಾರ್ಲಿಟ್ಸ್ ಓಡಿಸುತ್ತಿದ್ದ ಡ್ರ್ಯಾಗ್‌ಸ್ಟರಿನ ಎರಡು ಗೇರಿನ ಪೆಟ್ಟಿಗೆ ಸಿಡಿದು ಅವರ ಬಲಪಾದದ ಒಂದು ಭಾಗವೇ ಹೋಯಿತು. ಮುಂದಿನ ವರ್ಷ ಅವರು ಇಂಜಿನ್ನನ್ನು ಸವಾರನ ಹಿಂದಕ್ಕೆ ಒಯ್ದ ಹೊಸ ಗಾಡಿಯೊಂದಿಗೆ ಬಂದರು, ಆ ವರ್ಗದ ಎಲ್ಲರೂ ಕ್ರಮೇಣ ಅದನ್ನೇ ಅನುಸರಿಸಿದರು. ಪೆಟ್ಟಿಗೆಗೆ ರಕ್ಷಾಕವಚ ಕಡ್ಡಾಯವಾದದ್ದು, ಪಟ್ಟಿಗೆ ಎಣ್ಣೆ ಚೆಲ್ಲಿದವರಿಗೆ ದಂಡ ಬಂದದ್ದು ಇಂಥ ಅನುಭವಗಳಿಂದಲೇ.

ಈಗ ತಿರುವಾಂಕೂರು. 1937ರಲ್ಲಿ ಆ ಸಂಸ್ಥಾನ ಸರ್ಕಾರಿ ಬಸ್ ಸೇವೆ ಆರಂಭಿಸಲು ತೀರ್ಮಾನಿಸಿದಾಗ ಲಂಡನ್ ಪ್ಯಾಸೆಂಜರ್ ಟ್ರಾನ್ಸ್‌ಪೋರ್ಟ್ ಬೋರ್ಡಿನಲ್ಲಿ ಸಹಾಯಕ ಆಪರೇಟಿಂಗ್ ಸೂಪರಿಂಟೆಂಡೆಂಟ್ ಆಗಿದ್ದ ಇ.ಜಿ. ಸಾಲ್ಟರ್ ಎಂಬುವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತು. 1938ರ ಫೆಬ್ರವರಿ 20ರಂದು ಮಹಾರಾಜ ಶ್ರೀಚಿತ್ತಿರ ತಿರುನಾಳ್ ಸೇವೆಯನ್ನು ಉದ್ಘಾಟಿಸಿದರು. ಮಹಾರಾಜರನ್ನೂ ಬಂಧುಗಳನ್ನೂ ಕೂರಿಸಿಕೊಂಡು ಮೊದಲ ಬಸ್ಸನ್ನು ಸಾಲ್ಟರ್ ಅವರೇ ಓಡಿಸಿದರು. ಬಸ್ಸುಗಳಿಗೆ ಇಂಗ್ಲೆಂಡಿನಿಂದ ತರಿಸಿದ್ದು 60 ಕಾಮರ್ ಚಾಸಿಗಳು, ಪರ್ಕಿನ್ಸ್ ಡೀಸೆಲ್ ಇಂಜಿನ್ನುಗಳು. ಮೈಯನ್ನು ಮಾತ್ರ ಇಲ್ಲೇ, ಇಲಾಖೆಯ ಆಳುಗಳೇ ಸಾಲ್ಟರ್ ಉಸ್ತುವಾರಿಯಲ್ಲಿ ಕಟ್ಟಿದರು. ಚಾಕ್ಕದಲ್ಲಿ ಶುರುವಾದ ಆ ವರ್ಕ್‌ಶಾಪು ಮುಂದೆ ಪಾಪ್ಪನಂಕೋಡಿಗೆ ಹೋಯಿತು, 1965ರಲ್ಲಿ ಇಲಾಖೆ ನಿಗಮವಾದಾಗ ಕೇರಳ ರಾಜ್ಯ ರಸ್ತೆ ಸಾರಿಗೆಯ ಕೇಂದ್ರ ಕಾರ್ಯಾಗಾರವಾಗಿ ಮುಂದುವರಿಯಿತು. ಇಲ್ಲಿ ಗಮನಿಸಬೇಕಾದದ್ದು ಆಯ್ಕೆ. ಸಾಲ್ಟರ್ ಬಿಟ್ಟು ಬಂದ ಲಂಡನ್ನಿನಲ್ಲಿ ಆ ಹೊತ್ತಿಗಾಗಲೇ ಫ್ಲೂಯಿಡ್ ಫ್ಲೈವೀಲಿನ, ಮುಂಚಿತವಾಗಿ ಗೇರು ಆರಿಸಿಡುವ ಬಗೆಯ ಬಸ್ಸುಗಳು ಓಡುತ್ತಿದ್ದವು, ಅವುಗಳ ಗ್ಲ್ಯಾಂಡಿನಿಂದ, ಅಂದರೆ ದಂಡದ ಸುತ್ತಲ ಸೀಲಿನಿಂದ, ಎಣ್ಣೆ ಒಸರುವುದು ಅಲ್ಲಿನ ಗ್ಯಾರೇಜುಗಳಿಗೆ ಗೊತ್ತಿದ್ದ ತೊಂದರೆ. ತಿರುವಾಂಕೂರಿಗೆ ತಂದದ್ದು ಅದಲ್ಲ, ಮಾಮೂಲು ಕ್ಲಚ್ಚಿನ ಸರಳ ಚಾಸಿ. ಬೆಲೆಯೂ ಕಾರಣವಿದ್ದೀತು. ಆದರೆ ಫಲಿತಾಂಶ ಏನಾಯಿತೆಂದರೆ, ಒಂದೇ ಜಾತಿಯ ಅರವತ್ತು ಗಾಡಿಗಳು ಒಂದೇ ವರ್ಕ್‌ಶಾಪಿಗೆ ಬಂದವು. ಒಂದರಲ್ಲಿ ಕಂಡ ದೋಷ ಇನ್ನೊಂದರಲ್ಲಿ ಕಂಡಾಗ ಫಿಟ್ಟರಿಗೆ ಗುರುತು ಸಿಕ್ಕಿತು. ಮರುವರ್ಷವೇ, 1939ರಲ್ಲಿ, ಮೇಜರ್ ಟಿ.ಎಚ್. ಮ್ಯಾಥ್ಯೂಮನ್ ಅವರ ಪ್ರಾಂಶುಪಾಲತ್ವದಲ್ಲಿ ತಿರುವನಂತಪುರದ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1960ರ ದಶಕದಲ್ಲಿ ಅದು ಶ್ರೀಕಾರ್ಯಂ ಪಕ್ಕದ ಕುಳತ್ತೂರಿಗೆ ಸ್ಥಳಾಂತರಗೊಂಡಿತು. ಬಸ್ಸು, ವರ್ಕ್‌ಶಾಪು, ಕಾಲೇಜು ಮೂರೂ ಎರಡು ವರ್ಷಗಳೊಳಗೆ ಒಂದೇ ಊರಿಗೆ ಬಂದದ್ದನ್ನು ನಾನು ಆಕಸ್ಮಿಕವೆಂದು ತಳ್ಳಿಹಾಕಲಾರೆ.

ಕನ್ನಡ ನಾಡಿನಲ್ಲೂ ದಾರಿ ಬೇರೆಯಾಗಿರಲಿಲ್ಲ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್, ಜನರ ಬಾಯಲ್ಲಿ ಸಿಪಿಸಿ, ದಕ್ಷಿಣ ಕನ್ನಡದ ರಸ್ತೆಗಳಲ್ಲಿ ಬಸ್ ಓಡಿಸುತ್ತಿದ್ದ ಕಾಲದಲ್ಲಿ ಅದೇ ಊರಿನಲ್ಲಿ ಹುಟ್ಟಿದ ಕೆನರಾ ವರ್ಕ್‌ಶಾಪ್ಸ್ ಗಾಡಿಗಳ ಲೀಫ್ ಸ್ಪ್ರಿಂಗ್ ತಯಾರಿಸುವಷ್ಟು ಬೆಳೆಯಿತು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. ಇದಕ್ಕೂ ಮೊದಲೇ ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದಿದ್ದರು, ಮೈಸೂರು ಸಂಸ್ಥಾನ ಅದಕ್ಕೆ ಒಲವು ತೋರಿತ್ತು. ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ಒಪ್ಪಿದ್ದರೆ, ಅಮೆರಿಕದ ತಂತ್ರಜ್ಞಾನ ಬೆಂಗಳೂರಿಗೆ ಹೈಡ್ರಾಮ್ಯಾಟಿಕ್ ಹುಟ್ಟಿದ ದಶಕದಲ್ಲೇ ಬರುತ್ತಿತ್ತು ಎಂಬ ಯೋಚನೆ ಬಾರದಿರದು. ಬಂದದ್ದು ಬೇರೆ. ಸ್ವಾತಂತ್ರ್ಯದ ನಂತರದ ಲೈಸೆನ್ಸ್ ಕಾಲದಲ್ಲಿ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೂರು ಕೈಗೇರಿನ ಕಾರುಗಳೇ ದೇಶದ ಕಾರುಗಳಾದವು. ಆಟೊಮ್ಯಾಟಿಕ್ ಇದ್ದದ್ದು ಆಮದಾದ ಕೆಲವೇ ಕಾರುಗಳಲ್ಲಿ. ಮದ್ರಾಸಿನ ಬಳಿಯ ಶೋಳವರಂ ವಿಮಾನಪಟ್ಟಿಯಲ್ಲಿ 1950ರ ದಶಕದಿಂದ ನಡೆದ ಓಟಗಳಿಗೆ ಬೆಂಗಳೂರಿನವರೂ ಕೇರಳದವರೂ ಹೋಗುತ್ತಿದ್ದರು, ಅಲ್ಲಿ ಪಳಗಿದ್ದೂ ಈ ಕಾರುಗಳ ಇಂಜಿನ್ನಿನಲ್ಲೇ. ಆದ್ದರಿಂದ ಕಾರ್ಬುರೇಟರು, ಕ್ಯಾಮ್‌ಶಾಫ್ಟುಗಳಲ್ಲಿ ದಕ್ಷಿಣ ಭಾರತದ ಮೇಸ್ತ್ರಿಗಳು ನಿಸ್ಸೀಮರಾದರು. ಆಟೊಮ್ಯಾಟಿಕ್‌ನ ಒಳಗಿನ ಪ್ಲಾನೆಟರಿ ಗೇರು, ಟಾರ್ಕ್ ಕನ್ವರ್ಟರು ಅವರ ಕೈಗೆ ಬರಲೇ ಇಲ್ಲ. ಗುಜರಿಯಲ್ಲಿ ಇಲ್ಲದ ಪೆಟ್ಟಿಗೆಯನ್ನು ಬಿಚ್ಚಿ ಕಲಿಯುವುದು ಹೇಗೆ? 2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ಸಾಮಾನ್ಯರ ಕೈಗೆಟುಕಿದ ಎಎಂಟಿ (ಆಟೊಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್) ಕೂಡ ನಿಜದಲ್ಲಿ ಕೈಗೇರಿನ ಪೆಟ್ಟಿಗೆಯೇ, ಕ್ಲಚ್ಚನ್ನು ಒತ್ತುವ, ಗೇರು ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಕನ್ವರ್ಟರಿನ ವಿದ್ಯೆಯನ್ನು ಅದೂ ಕಲಿಸಲಿಲ್ಲ.

ಟಾರ್ಕ್ ಕನ್ವರ್ಟರಿನ ಗಾಡಿ ನಮ್ಮಲ್ಲಿ ಸಾಮಾನ್ಯ ಪ್ರಯಾಣಿಕನನ್ನು ಹೊತ್ತದ್ದು ಬಸ್ಸಿನ ರೂಪದಲ್ಲಿ. ಬೆಂಗಳೂರಿನ ಬಿಎಂಟಿಸಿ 2006ರಲ್ಲಿ ವೋಲ್ವೊ ತಗ್ಗುನೆಲದ ನಗರ ಬಸ್ಸುಗಳನ್ನು ತಂದಿತು. ಹೊಸಕೋಟೆಯಲ್ಲಿ ಆ ಕಂಪನಿಯ ಕಾರ್ಖಾನೆ ಇದ್ದದ್ದು ಅನುಕೂಲವಾಯಿತು. 2009ರ ನಂತರ ಕೇಂದ್ರದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯ ಹಣದಲ್ಲಿ ಕೊಚ್ಚಿಗೂ ತಿರುವನಂತಪುರಕ್ಕೂ ಇಂಥ ಬಸ್ಸುಗಳು ಬಂದವು. ಶ್ರೀಕಾರ್ಯಂ ಹೆದ್ದಾರಿಯಲ್ಲಿ ಡ್ರೈವರು ಗೇರು ಹಾಕದೆ ಓಡಿಸುವ ಹವಾನಿಯಂತ್ರಿತ ಬಸ್ಸು ಕಾಣಿಸಿಕೊಂಡಿತು. ಅವುಗಳ ನಿರ್ವಹಣೆಗೆಂದೇ ಕೊಚ್ಚಿಯ ತೇವರದಲ್ಲಿ ಮುಖ್ಯ ಕಚೇರಿ ಇಟ್ಟು ಕೇರಳ ನಗರ ರಸ್ತೆ ಸಾರಿಗೆ ನಿಗಮ 2014-15ರಲ್ಲಿ ಆರಂಭವಾಯಿತು. ಪ್ರಯಾಣಿಕರಿಗೆ ಈ ಬಸ್ಸು ನಿಜವಾದ ಉಪಕಾರ ಮಾಡಿತು. ಮುದುಕರು, ಬಸುರಿಯರು ಮೆಟ್ಟಿಲಿಲ್ಲದೆ ಹತ್ತಿದರು, ಡ್ರೈವರ ಎಡಗಾಲಿಗೆ ದಿನವಿಡೀ ಕ್ಲಚ್ಚು ತುಳಿಯುವ ಸಂಕಟ ತಪ್ಪಿತು. ಆದರೆ ಈ ಬಸ್ಸು ಬಂದದ್ದು ಕಾಮರ್ ಚಾಸಿ ಬಂದ ಹಾಗಲ್ಲ. ಮೈಯನ್ನು ಕಟ್ಟುವುದೂ ಗೇರ್‌ಬಾಕ್ಸನ್ನು ತೆರೆಯುವುದೂ ಕಂಪನಿಯ ಕೆಲಸವಾಯಿತು. ದೋಷ ಓದುವ ಕಂಪ್ಯೂಟರು, ವಿಶೇಷ ಉಪಕರಣ, ಬಿಡಿಭಾಗ ಮೂರೂ ಒಂದೇ ಬಾಗಿಲಿನಿಂದ ಬರಬೇಕಿತ್ತು. ಬಸ್ಸು ಹಳತಾಗಿ ಖರ್ಚು ಏರಿದಾಗ, ಕೊರೊನಾ ಕಾಲದಲ್ಲಿ ಆದಾಯ ಬತ್ತಿದಾಗ, ಇಂಥ ಹಲವು ಬಸ್ಸುಗಳು ತೇವರದ ಅಂಗಳದಲ್ಲಿ ಓಡದೆ ನಿಂತವು. ನಿಂತ ಗಾಡಿಯಲ್ಲಿ ಸೀಲು ಇನ್ನೂ ಬೇಗ ಹಾಳಾಗುತ್ತದೆ. ಎಣ್ಣೆಯಲ್ಲಿ ನೆನೆಯದ ರಬ್ಬರು ಒಣಗಿ ಸೀಳುತ್ತದೆ, ದಂಡಕ್ಕೆ ತುಕ್ಕು ಹಿಡಿದು ಮುಂದೆ ತಿರುಗಿದಾಗ ಸೀಲಿನ ತುಟಿಯನ್ನೇ ಕೊಯ್ಯುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದರಲ್ಲಿ ತೂಕವೂ ಇದೆ. ಇಂದಿನ ಗೇರ್‌ಬಾಕ್ಸು 1964ರ ಟರ್ಬೊ ಹೈಡ್ರಾಮ್ಯಾಟಿಕ್ ಅಲ್ಲ, ಅದರ ಒಳಗೆ ವಿದ್ಯುತ್ ಕವಾಟಗಳಿವೆ, ಗಣಕವಿದೆ, ಬಿಚ್ಚಿದರೆ ಕೆಡುತ್ತದೆ. ಆದ್ದರಿಂದ ಇಡೀ ಪೆಟ್ಟಿಗೆಯನ್ನೇ ಬದಲಿಸುವುದು ಲಾಭ ಎಂಬುದು ಆ ವಾದ. ಗೇರು ಬದಲಾವಣೆಯ ದೋಷಕ್ಕೆ ಇದು ಬಹುಮಟ್ಟಿಗೆ ನಿಜ. ಸೋರಿಕೆಗೆ ನಿಜವಲ್ಲ. ಪ್ಯಾನ್ ಗ್ಯಾಸ್ಕೆಟ್ಟು, ಪಂಪಿನ ಸೀಲು, ಹಿಂದಿನ ದಂಡದ ಸೀಲು, ಕೂಲರಿನ ಕೊಳವೆ ಇವು ಇಂದಿಗೂ ಅವೇ. ಎಣ್ಣೆ ಕೆಳಕ್ಕೇ ಹರಿಯುತ್ತದೆ, ಕಾಯ್ದರೆ ಹಿಗ್ಗುತ್ತದೆ, ಉಸಿರುಕೊಳವೆ ಕಟ್ಟಿದರೆ ದುರ್ಬಲವಾದ ಜಾಗ ಹುಡುಕಿ ಹೊರಬರುತ್ತದೆ. ಇನ್ನು ಪೆಟ್ಟಿಗೆ ಬದಲಿಸುವ ಪದ್ಧತಿಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಲಂಡನ್ನಿನ ಬಸ್ ಸಂಸ್ಥೆ 1921ರಲ್ಲಿ ತೆರೆದ ಚಿಸ್ವಿಕ್ ಕಾರ್ಯಾಗಾರ ಅದೇ ತತ್ವದ ಮೇಲೆ ನಿಂತಿತ್ತು. ಕೆಟ್ಟ ಭಾಗವನ್ನು ಇಡಿಯಾಗಿ ಬಿಚ್ಚಿ ದುರಸ್ತಿಯಾದ ಇನ್ನೊಂದನ್ನು ಜೋಡಿಸಿ ಬಸ್ಸನ್ನು ಬೇಗ ರಸ್ತೆಗಿಳಿಸುತ್ತಿದ್ದರು. ಸಾಲ್ಟರ್ ಬಂದದ್ದು ಆ ಸಂಪ್ರದಾಯದಿಂದಲೇ. ಆದರೆ ಚಿಸ್ವಿಕ್‌ನಲ್ಲಿ ಬಿಚ್ಚಿದ ಭಾಗ ಸಂಸ್ಥೆಯ ಸ್ವಂತ ಮೇಜಿಗೇ ಹೋಗುತ್ತಿತ್ತು, ಅದರೊಂದಿಗೆ ದೋಷದ ಅರಿವೂ ಸಂಸ್ಥೆಯಲ್ಲೇ ಉಳಿಯುತ್ತಿತ್ತು. ನಮ್ಮಲ್ಲಿ ಬಿಚ್ಚಿದ ಪೆಟ್ಟಿಗೆ ಹೊರಗೆ ಹೋಗುತ್ತದೆ, ಅದು ಯಾಕೆ ಸೋರಿತೆಂಬ ಉತ್ತರ ಡಿಪೋಗೆ ಹಿಂದಿರುಗಿ ಬರುವುದಿಲ್ಲ. ನಮ್ಮ ಮೇಸ್ತ್ರಿಗಳು ಹೇಗಾದರೂ ನಿಭಾಯಿಸಿಯಾರು ಎಂದು ಹೊಗಳುವವರ ಮಾತನ್ನೂ ನಾನು ಒಪ್ಪಲಾರೆ. ಅಂಟು ಮೆತ್ತಿ ಪ್ಯಾನನ್ನು ಬಿಗಿದರೆ ಒಂದು ವಾರ ನಿಂತೀತು. ಅಂಟಿನ ಚೂರು ಫಿಲ್ಟರಿಗೆ ಹೋಗಿ ಸಿಕ್ಕಿಕೊಂಡರೆ ಪೆಟ್ಟಿಗೆಯೇ ಹೋಗುತ್ತದೆ. ಅಳತೆ, ಚಿತ್ರಪಟ, ಗೇಜು ಇಲ್ಲದ ಜಾಣ್ಮೆಯನ್ನು ಮೆಚ್ಚಿ ಸುಮ್ಮನಾಗುವುದು ಆ ಕೆಲಸಗಾರನಿಗೆ ಮಾಡುವ ಅನ್ಯಾಯ.

ಈ ಪ್ರದೇಶಕ್ಕೆ ಸೋರಿಕೆ ಪತ್ತೆಮಾಡುವ ಶಕ್ತಿ ಇಲ್ಲವೆನ್ನುವವರಿಗೆ ಉತ್ತರ ಶ್ರೀಕಾರ್ಯಂನಿಂದ ದೂರದಲ್ಲೇನೂ ಇಲ್ಲ. ತುಂಬಾದಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ಅದೇ ಜಿಲ್ಲೆಯ ವಲಿಯಮಲದಲ್ಲಿ ದ್ರವ ಇಂಧನದ ಇಂಜಿನ್ನುಗಳನ್ನು ರೂಪಿಸುವ ಇಸ್ರೋ ಕೇಂದ್ರವಿದೆ. 2013ರ ಆಗಸ್ಟ್ 19ರಂದು ಶ್ರೀಹರಿಕೋಟದಲ್ಲಿ ಜಿಎಸ್‌ಎಲ್‌ವಿ-ಡಿ5 ಹಾರಲು ಒಂದು ಗಂಟೆ ಹದಿನಾಲ್ಕು ನಿಮಿಷ ಇರುವಾಗ ಎರಡನೇ ಹಂತದ ಇಂಧನ ಸೋರುವುದು ಕಂಡು ಉಡಾವಣೆ ನಿಲ್ಲಿಸಲಾಯಿತು. ಬರೀ ಜಾಯಿಂಟು ಬಿಗಿದು ಮುಂದುವರಿಯಲಿಲ್ಲ. ಟ್ಯಾಂಕಿನ ಅಲ್ಯೂಮಿನಿಯಂ ಮಿಶ್ರಲೋಹದಲ್ಲೇ ಒತ್ತಡದಿಂದ ಸವಕಳಿಯ ಬಿರುಕು ಮೂಡುವ ಗುಣ ಇದ್ದುದನ್ನು ಗುರುತಿಸಿ, ಬೇರೆ ಮಿಶ್ರಲೋಹದ ಟ್ಯಾಂಕಿನ ಹೊಸ ಹಂತವನ್ನೇ ಜೋಡಿಸಿದರು. 2014ರ ಜನವರಿ 5ರಂದು ರಾಕೆಟ್ ಯಶಸ್ವಿಯಾಗಿ ಹಾರಿತು. ಹನಿಯಿಂದ ಬಿರುಕಿಗೆ, ಬಿರುಕಿನಿಂದ ಲೋಹಕ್ಕೆ ಹೋದ ಈ ದಾರಿ ಡ್ರ್ಯಾಗ್ ಕಾರಿನ ಮೇಸ್ತ್ರಿ ಸೀಲಿನಿಂದ ಬುಷ್‌ಗೆ, ಬುಷ್‌ನಿಂದ ಇಂಜಿನ್ನಿನ ಗೂಟಕ್ಕೆ ಹೋಗುವ ದಾರಿಯೇ. ರಾಕೆಟ್ಟು ಬಸ್ಸಿಗಿಂತ ಸುಲಭದ ಯಂತ್ರವಲ್ಲ. ಅದರ ನಕ್ಷೆ, ಅದರ ಪರೀಕ್ಷೆಯ ದಾಖಲೆ, ಅದನ್ನು ಬಿಚ್ಚುವ ಅಧಿಕಾರ ಮೂರೂ ಅವರ ಬಳಿಯೇ ಇದ್ದವು. ತೇವರದ ಫಿಟ್ಟರಿಗೆ ಇಲ್ಲದಿದ್ದದ್ದು ಇವೇ.

ವಿದ್ಯುತ್ ಬಸ್ಸಿನ ಕಾಲದಲ್ಲಿ ಈ ಹಳೆಯ ಪ್ರಶ್ನೆ ತಾನಾಗಿ ಮುಗಿದುಹೋಗುತ್ತದೆಂದು ಕೆಲವರು ಹೇಳುತ್ತಾರೆ. ಬಹುಪಾಲು ವಿದ್ಯುತ್ ಬಸ್ಸುಗಳಲ್ಲಿ ಹಲವು ಗೇರಿನ ಪೆಟ್ಟಿಗೆ ಇಲ್ಲ, ನಿಜ. ಆದರೆ ಮೋಟಾರಿನ ವೇಗ ತಗ್ಗಿಸುವ ಹಲ್ಲುಚಕ್ರಕ್ಕೆ ಎಣ್ಣೆ ಬೇಕು, ಬ್ಯಾಟರಿಯನ್ನೂ ಮೋಟಾರನ್ನೂ ತಂಪಾಗಿಡುವ ದ್ರವ ಬೇಕು. ಹೆಚ್ಚು ವೋಲ್ಟೇಜಿನ ಭಾಗಗಳ ಪಕ್ಕದಲ್ಲಿ ಆ ದ್ರವ ಸೋರಿದರೆ ಕೆಂಪೆಣ್ಣೆಯ ಕಲೆಗಿಂತ ಹೆಚ್ಚಿನ ಅಪಾಯ. ಬಿಎಂಟಿಸಿ 921 ವಿದ್ಯುತ್ ಬಸ್ಸುಗಳಿಗೆ ಟಾಟಾ ಸಂಸ್ಥೆಯೊಂದಿಗೆ ಮಾಡಿಕೊಂಡ ಒಪ್ಪಂದ 12 ವರ್ಷದ್ದು. ಅದರಲ್ಲಿ ಬಸ್ಸೂ, ಚಾಲಕನೂ, ನಿರ್ವಹಣೆಯೂ ಸಂಸ್ಥೆಯ ಕಡೆಯವು, ಕಂಡಕ್ಟರು ಮಾತ್ರ ನಿಗಮದವರು. ಇದರಿಂದ ನಿಗಮಕ್ಕೆ ಆಗುವ ಹಣಕಾಸಿನ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಒಪ್ಪಂದದ ಕಾಲದಲ್ಲಿ ಬಸ್ಸು ನಿಂತರೆ ನಷ್ಟ ಸಂಸ್ಥೆಯದೇ, ಆದ್ದರಿಂದ ಬಸ್ಸು ಓಡುತ್ತದೆ. ಆದರೆ ಹನ್ನೆರಡು ವರ್ಷವೆಂದರೆ ಒಬ್ಬ ಅಪ್ರೆಂಟಿಸ್ ಹಿರಿಯ ಫಿಟ್ಟರಾಗುವ ಅವಧಿ. 1938ರಲ್ಲಿ ಸಾಲ್ಟರ್ ತಂಡದವರು ಕಾಮರ್ ಚಾಸಿಗೆ ಮೈ ಕಟ್ಟುತ್ತಲೇ ಚಾಸಿಯನ್ನೂ ಕಲಿತರು. ಮುಂದಿನ ಟೆಂಡರುಗಳಲ್ಲಿ ಕೈಪಿಡಿಯ ಪ್ರತಿ, ದೋಷ ಓದುವ ಉಪಕರಣ, ಬದಲಿಸಿದ ಪ್ರತಿಯೊಂದು ಭಾಗದ ತಪಾಸಣಾ ವರದಿ, ವರ್ಷಕ್ಕಿಷ್ಟು ಎಂದು ನಿಗಮದ ಕೆಲಸಗಾರರಿಗೆ ಆ ಮೇಜಿನ ಮುಂದೆ ಜಾಗ, ಇವನ್ನು ಷರತ್ತಾಗಿ ಬರೆಸಿಕೊಳ್ಳಲು ಯಾವ ಹೊಸ ಕಾನೂನೂ ಬೇಕಿಲ್ಲ. ಖರೀದಿಸುವವರು ಕೇಳಿದರೆ ಸಾಕು. ಪಾಪ್ಪನಂಕೋಡಿನಲ್ಲಿ, ಬೆಂಗಳೂರಿನ ಡಿಪೋಗಳಲ್ಲಿ ಈ ವರ್ಷ ಕೆಲಸಕ್ಕೆ ಸೇರುವ ಹುಡುಗ ಆ ಹನ್ನೆರಡು ವರ್ಷದ ಕೊನೆಗೆ ಏನನ್ನು ಬಿಚ್ಚಬಲ್ಲವನಾಗಿರುತ್ತಾನೆ ಎಂಬುದು ಆ ಷರತ್ತುಗಳ ಮೇಲೆ ನಿಂತಿದೆ.